ಕಲ್ಲಿನ ಅಕ್ಷರಕ್ಕೆ ಯಾವ ಫೋನಿನ ಕ್ಯಾಮೆರಾ ಒಳ್ಳೆಯದು?

ಶಾಸನ, ವೀರಗಲ್ಲು, ಹಳೆಯ ಗುಡಿಗಳ ಚಿತ್ರ ತೆಗೆಯಲು ಹೊಸ ಫೋನು ಕೊಳ್ಳಬೇಕೆಂದಿರುವ ಚಿತ್ರದುರ್ಗದ ಆಸಕ್ತರಿಗೆ ನೆರವಾಗಲೆಂದು, ಮೂರು ಫೋನುಗಳನ್ನು ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಹೋಲಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಮೊದಲನೆಯದು ಡಬ್ಬಿಯ ಮೇಲೆ 108 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ, ಕಡಿಮೆ ಬೆಲೆಯ ಫೋನು. ಎರಡನೆಯದು 50 ಮೆಗಾಪಿಕ್ಸೆಲಿನ ಮುಖ್ಯ ಕ್ಯಾಮೆರಾದ ಜೊತೆಗೆ ಮೂರು ಪಟ್ಟು ಹತ್ತಿರ ತೋರಿಸುವ ಪ್ರತ್ಯೇಕ ಟೆಲಿಫೋಟೊ ಲೆನ್ಸ್ ಉಳ್ಳದ್ದು. ಮೂರನೆಯದರಲ್ಲಿ ಟೆಲಿಫೋಟೊ ಇಲ್ಲ. ಆದರೆ ಅದರ 50 ಮೆಗಾಪಿಕ್ಸೆಲ್ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್ಪು, ಗಾತ್ರದಲ್ಲಿ ಉಳಿದೆರಡಕ್ಕಿಂತ ದೊಡ್ಡದು. ಕಂಪನಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದು ಅಪ್‌ಡೇಟ್ ಬಂದರೆ ಅದೇ ಫೋನಿನ ಚಿತ್ರದ ಬಣ್ಣ ಬೇರೆಯಾಗಬಹುದು, ಆದರೆ ಲೆನ್ಸ್ ಮತ್ತು ಸೆನ್ಸರ್ ಮೊದಲಿದ್ದಂತೆಯೇ ಇರುತ್ತವೆ; ಕೊಳ್ಳುವವರು ವಿಚಾರಿಸಬೇಕಾದದ್ದು ಅವುಗಳನ್ನು.

ಮೆಗಾಪಿಕ್ಸೆಲ್ ಲೆಕ್ಕವನ್ನು ಮೊದಲೇ ಮುಗಿಸಿಬಿಡುತ್ತೇನೆ. 108 ಮೆಗಾಪಿಕ್ಸೆಲಿನ ಫೋನು ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡಿ 12 ಮೆಗಾಪಿಕ್ಸೆಲಿನ ಚಿತ್ರ ಕೊಡುತ್ತದೆ. 50ರದ್ದು ನಾಲ್ಕನ್ನು ಕೂಡಿಸಿ 12.5 ಕೊಡುತ್ತದೆ. ಹೀಗಾಗಿ ನಾವು ಬಟನ್ ಒತ್ತಿದಾಗ ಕೈಗೆ ಬರುವ ಚಿತ್ರದ ಅಳತೆ ಮೂರರಲ್ಲಿಯೂ ಹೆಚ್ಚುಕಡಿಮೆ ಒಂದೇ. ಪಿಕ್ಸೆಲ್ ಕೂಡಿಸುವ ಈ ಉಪಾಯ ಹೊಸದಲ್ಲ. 2012ರಲ್ಲಿ ಬಂದ ನೋಕಿಯಾ 808 ಪ್ಯೂರ್‌ವ್ಯೂ ಫೋನಿನ 41 ಮೆಗಾಪಿಕ್ಸೆಲ್ ಕ್ಯಾಮೆರಾ ಕೂಡ ಹೀಗೆಯೇ ಕೆಲಸ ಮಾಡುತ್ತಿತ್ತು.

ನಿಜವಾದ ವ್ಯತ್ಯಾಸ ಕಾಣಿಸಿದ್ದು ಕಲ್ಲಿನ ಮೇಲೆ. ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನದೆಂದು ಗುರುತಿಸಲಾದ ಶಾಸನದ ಬಂಡೆಯಾಗಲಿ, ಕೋಟೆಯೊಳಗಿನ ಗುಡಿಗಳ ಕನ್ನಡ ಶಾಸನಗಳಾಗಲಿ ಸವೆದಿರುವ ಅಕ್ಷರಗಳವು. ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಯಾವ ಕ್ಯಾಮೆರಾಕ್ಕೂ ಅವು ಸ್ಪಷ್ಟವಾಗಿ ಸಿಗುವುದಿಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ಕೊರೆದ ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ಅಂಚು ನೆರಳಾದಾಗ ಮಾತ್ರ ಅಕ್ಷರ ಎದ್ದು ಬರುತ್ತದೆ. ಅಂಥ ಬೆಳಕಿನಲ್ಲಿ ಮೊದಲ ಫೋನಿನ ಚಿತ್ರ ಪರದೆಯ ಮೇಲೆ ಎಲ್ಲಕ್ಕಿಂತ ಆಕರ್ಷಕವಾಗಿ ಕಂಡಿತು. ಹಿಗ್ಗಿಸಿ ನೋಡಿದಾಗ ತೊಂದರೆ ತಿಳಿಯಿತು: ತಂತ್ರಾಂಶವು ಗೆರೆಗಳನ್ನು ಚೂಪುಗೊಳಿಸುವ ಭರದಲ್ಲಿ ಪ್ರತಿಯೊಂದು ಅಂಚಿಗೂ ಬಿಳಿಯ ಅಂಚುಪಟ್ಟಿಯನ್ನು ಹಚ್ಚಿತ್ತು, ಕಲ್ಲಿನ ಸಹಜ ಬಿರುಕನ್ನೂ ಉಳಿಯ ಗೆರೆಯಷ್ಟೇ ಗಾಢಗೊಳಿಸಿತ್ತು, ಸವೆದ ಭಾಗದ ಸೂಕ್ಷ್ಮ ತರಿಯನ್ನು ಗಾರೆ ಬಳಿದಂತೆ ಒರೆಸಿಹಾಕಿತ್ತು. ಪಕಾರದ ಹೊಟ್ಟೆಯಲ್ಲಿ ಒಂದು ಗೆರೆ ಕಂಡರೆ ಅದು ಷಕಾರವಾಗುತ್ತದೆ. ಓದುವವರ ಕಣ್ಣು ತಪ್ಪಿದರೆ ಇನ್ನೊಮ್ಮೆ ನೋಡಬಹುದು. ಚಿತ್ರವೇ ಇಲ್ಲದ ಗೆರೆಯನ್ನು ತೋರಿಸಿದರೆ ಯಾರನ್ನು ಕೇಳುವುದು? ಅದೇ ಫೋನನ್ನು ಪೂರ್ಣ 108 ಮೆಗಾಪಿಕ್ಸೆಲ್ ಮೋಡ್‌ಗೆ ಹಾಕಿದಾಗ ಚಿತ್ರ ಒರಟಾಯಿತಾದರೂ ಈ ಅಲಂಕಾರ ಕಡಿಮೆಯಾಯಿತು. ಒಳ್ಳೆಯ ಬಿಸಿಲಿದ್ದರೆ ಆ ಫೋನಿನವರು ಹಾಗೆ ತೆಗೆಯುವುದು ಮೇಲು.

ಎರಡನೆಯ ಫೋನಿನಲ್ಲಿ ಚೂಪುಗೊಳಿಸುವಿಕೆ ಹದವಾಗಿತ್ತು. ಮೂರನೆಯದು ಮೊದಲ ನೋಟಕ್ಕೆ ಸಪ್ಪೆ. ಆದರೆ ಕಲ್ಲಿನ ತರಿ ತರಿಯಾಗಿಯೇ, ಬಿರುಕು ಬಿರುಕಾಗಿಯೇ ಉಳಿದದ್ದು ಅದರಲ್ಲಿ. ಅದರ ರಾ ಕಡತವನ್ನು, ಅಂದರೆ ತಂತ್ರಾಂಶ ತಿದ್ದುವ ಮೊದಲಿನ ಕಚ್ಚಾ ಚಿತ್ರವನ್ನು, ಕಂಪ್ಯೂಟರಿನಲ್ಲಿ ತೆರೆದು ನೆರಳನ್ನು ನಾವೇ ನಿಧಾನವಾಗಿ ಏರಿಸಿದಾಗ, ಉಳಿದೆರಡು ಫೋನುಗಳ ಚಿತ್ರದಲ್ಲಿ ಅಳಿಸಿಹೋದಂತಿದ್ದ ಅಕ್ಷರದ ಬಳಕು ಕೂಡ ಗುರುತಿಗೆ ಸಿಕ್ಕಿತು. ದೊಡ್ಡ ಸೆನ್ಸರಿಗೆ ಹೆಚ್ಚು ಬೆಳಕು ಸಿಗುವುದರಿಂದ, ಇಲ್ಲದ್ದನ್ನು ಊಹಿಸಿ ತುಂಬುವ ಅಗತ್ಯ ತಂತ್ರಾಂಶಕ್ಕೆ ಕಡಿಮೆ ಬೀಳುತ್ತದೆ.

ಎತ್ತರದ ಗೋಡೆಯ ಬರಹಕ್ಕೆ, ಗೋಪುರದ ಶಿಲ್ಪಕ್ಕೆ, ಕೋಟೆಯ ಮೇಲಿನಿಂದ ಕಾಣುವ ಗುಡ್ಡಸಾಲಿನ ಗಾಳಿಯಂತ್ರಗಳಿಗೆ ಮಾತ್ರ ಎರಡನೆಯ ಫೋನಿಗೆ ಸಾಟಿಯಿಲ್ಲ. ಮೂರನೆಯದು ಎರಡು ಪಟ್ಟಿನವರೆಗೆ ಸೆನ್ಸರಿನ ನಡುಭಾಗವನ್ನು ಬಳಸಿ ಚೆನ್ನಾಗಿ ನಿಭಾಯಿಸುತ್ತದೆ, ಅದರಾಚೆಗೆ ಊಹೆ ಆರಂಭವಾಗುತ್ತದೆ. ಆದರೆ ಟೆಲಿಫೋಟೊ ನಂಬುವವರು ಒಂದು ವಿಷಯ ತಿಳಿದಿರಬೇಕು. ಗುಡಿಯ ನವರಂಗದಂಥ ಮಬ್ಬು ಜಾಗದಲ್ಲಿ 3 ಎಂದು ಒತ್ತಿದರೂ ಎಷ್ಟೋ ಫೋನುಗಳು ಆ ಸಣ್ಣ ಲೆನ್ಸನ್ನು ಬಿಟ್ಟು, ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. ಟೆಲಿಫೋಟೊ ಲೆನ್ಸಿಗೆ ಬೆರಳು ಅಡ್ಡ ಹಿಡಿದು ನೋಡಿ; ಪರದೆ ಒಂದು ಕ್ಷಣವೂ ಕಪ್ಪಾಗದಿದ್ದರೆ ಆಗ ಆ ಲೆನ್ಸ್ ಬಳಕೆಯಲ್ಲಿಲ್ಲವೆಂದು ಅರ್ಥ.

ಒನಕೆ ಓಬವ್ವನ ಕಿಂಡಿ ಕ್ಯಾಮೆರಾಗಳಿಗೆ ಕಠಿಣ ಪರೀಕ್ಷೆ. ಒಳಗೆ ಬಂಡೆಗಳ ಕತ್ತಲು, ಆಚೆ ಕಣ್ಣು ಕುಕ್ಕುವ ಆಕಾಶ. ಚಿಕ್ಕಮ್ಮನನ್ನು ಅಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಮೊದಲನೆಯದು ಆಕಾಶವನ್ನು ಪೂರ್ತಿ ಬಿಳಿಯಾಗಿಸಿತು. ಎರಡನೆಯದು ಆಕಾಶವನ್ನು ಉಳಿಸಿಕೊಂಡರೂ ಒಳಗಿನ ಕತ್ತಲನ್ನು ಎಷ್ಟು ಬೆಳಗಿಸಿತೆಂದರೆ ಕಿಂಡಿಯ ಇಕ್ಕಟ್ಟೇ ತಿಳಿಯದಾಯಿತು. ಮೂರನೆಯದರಲ್ಲಿ ನೆರಳು ನೆರಳಾಗಿ ಉಳಿದು ಮುಖ ಕಾಣಿಸಿತು. ಮೊದಲನೆಯದು ಅವರ ಮೈಬಣ್ಣವನ್ನೂ ಕೇಳದೆ ಬೆಳ್ಳಗಾಗಿಸಿತ್ತು. ಇದನ್ನು ನಾನು ಸಣ್ಣ ದೋಷವೆಂದು ಎಣಿಸುವುದಿಲ್ಲ. ನಮ್ಮ ಮನೆಯವರ ಬಣ್ಣ ಇದ್ದ ಹಾಗೆ ಬರಬೇಕು. ಗೂಗಲ್ ಸಂಸ್ಥೆ 2021ರಲ್ಲಿ ತನ್ನ ಪಿಕ್ಸೆಲ್ 6 ಫೋನಿನೊಂದಿಗೆ ರಿಯಲ್ ಟೋನ್ ಎಂಬ ಹೆಸರಿನಲ್ಲಿ ಈ ವಿಷಯವನ್ನೇ ಮುಂದಿಟ್ಟಿತ್ತು. ಅಂಗಡಿಯಲ್ಲಿ ಫೋನು ನೋಡುವಾಗ ಮುಖವನ್ನು ನುಣುಪಾಗಿಸುವ ಬ್ಯೂಟಿ ಆಯ್ಕೆಯನ್ನು ಆಫ್ ಮಾಡಿ, ಜೊತೆಯಲ್ಲಿ ಬಂದವರ ಮುಖವನ್ನೇ ತೆಗೆದು ಪರೀಕ್ಷಿಸುವುದು ಒಳ್ಳೆಯದು.

ತೀರ ಹತ್ತಿರದ ಚಿತ್ರಗಳಲ್ಲಿ ಮೂರನೆಯ ಫೋನಿಗೇ ಹಿನ್ನಡೆ. ದಾವಣಗೆರೆಯಲ್ಲಿ ಬೆಣ್ಣೆದೋಸೆಯ ತಟ್ಟೆಯ ಮೇಲೆ ಬಗ್ಗಿ ತೆಗೆದಾಗ ನಡುವಿನ ಬೆಣ್ಣೆಯಷ್ಟೇ ಸ್ಪಷ್ಟವಾಗಿ, ದೋಸೆಯ ಅಂಚು ಮಸುಕಾಯಿತು. ಒಂದು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟಿನಲ್ಲಿ ತೆಗೆದರೆ ಸರಿಹೋಗುತ್ತದೆ. ಶಾಸನದ ಒಂದೇ ಅಕ್ಷರವನ್ನು ತೆಗೆಯುವಾಗಲೂ ಹಾಗೆಯೇ ಮಾಡಬೇಕು.

ಶಾಸನದ ಕೆಲಸಕ್ಕೆ ನನ್ನ ಆಯ್ಕೆ ಮೂರನೆಯದು. ಗುಡ್ಡ, ಗೋಪುರ, ಹಕ್ಕಿಗಳತ್ತ ಹೆಚ್ಚು ಒಲವಿರುವವರು ಎರಡನೆಯದನ್ನು ಕೊಂಡರೆ ನಷ್ಟವಿಲ್ಲ. ಯಾವುದನ್ನು ಕೊಂಡರೂ ಶಾಸನ ಓದಬಲ್ಲವರಿಗೆ ಚಿತ್ರ ಕಳುಹಿಸುವಾಗ ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದೇ ಕಳುಹಿಸಬೇಕು. ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿ, ಮೂರೂ ಫೋನುಗಳ ಚಿತ್ರಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯುತ್ತವೆ.