ತಾತನ ಸೇನಾ ದಾಖಲೆ ಓದಿಸಿದ್ದು: ಒಂದು ಸೇವೆಯ ವಿಮರ್ಶೆ

ಹಳೆಯ ಸೇನಾ ದಾಖಲೆಗಳ ಕೈಬರಹವನ್ನು ಓದಿ, ಅಚ್ಚುಕಟ್ಟಾಗಿ ಬರೆದುಕೊಡುವ ನಿವೃತ್ತ ಸೇನಾ ಗುಮಾಸ್ತರೊಬ್ಬರು ಬೆಂಗಳೂರಿನಲ್ಲಿದ್ದಾರೆ. ಮನೆಯಲ್ಲಿ ಕುಳಿತು ಒಬ್ಬರೇ ಮಾಡುವ ಕೆಲಸ ಇದು. ಹೆಸರು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದರಿಂದ ಹಾಕುತ್ತಿಲ್ಲ. ಆದರೆ ಇಂತಹ ಸೇವೆಗೆ ಹಣ ಕೊಡಬಹುದೇ, ಕೊಟ್ಟರೆ ಏನನ್ನು ನಿರೀಕ್ಷಿಸಬೇಕು ಎಂದು ಯೋಚಿಸುತ್ತಿರುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತು.

ನಮ್ಮ ತಾಯಿಯ ತಂದೆ ಕೋಲಾರದ ಕಡೆಯಿಂದ 1940ರಲ್ಲಿ ಬೆಂಗಳೂರಿಗೆ ಬಂದು ಸೇನೆಯ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಸೇರಿದವರು. ಹಲಸೂರಿನಲ್ಲಿ ಇಂದು ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಎಂದು ಎಲ್ಲರೂ ಕರೆಯುವ ದಳ ಅದೇ. ಅವರ ಸೇವಾ ದಾಖಲೆಯ ಹನ್ನೊಂದು ಹಾಳೆಗಳು ತಗಡಿನ ಪೆಟ್ಟಿಗೆಯಲ್ಲಿ ಉಳಿದಿದ್ದವು. ಬಹಳ ಹಿಂದೆ ನಮ್ಮ ಬಂಧುಗಳೊಬ್ಬರು ಅವುಗಳಲ್ಲಿ ಒಂದು ಸಾಲನ್ನು ‘ಡಿಸ್ಮಿಸ್ಡ್, ತಂಜೋರ್, ಡಿಸೆಂಬರ್ 43’ ಎಂದು, ಅಂದರೆ ತಂಜಾವೂರಿನಲ್ಲಿ ಕೆಲಸದಿಂದ ತೆಗೆದುಹಾಕಿದರು ಎಂದು ಓದಿದ್ದರು. ತಾತ ಊರಿಗೆ ಮರಳಿದ್ದು 1946ರಲ್ಲಿ. ಹಾಗಾದರೆ ನಡುವಿನ ವರ್ಷಗಳಲ್ಲಿ ಅವರು ಎಲ್ಲಿದ್ದರು ಎಂಬ ಮಾತು ಮದುವೆ ಮುಂಜಿಗಳಲ್ಲಿ ನನ್ನ ತಾಯಿಯ ಕಿವಿಗೂ ಬೀಳುತ್ತಿತ್ತು. ತಾಯಿ ಚಿಕ್ಕವರಿದ್ದಾಗಲೇ ತಾತ ತೀರಿಕೊಂಡದ್ದರಿಂದ ಉತ್ತರ ಹೇಳುವವರು ಯಾರೂ ಇರಲಿಲ್ಲ.

ಮೊದಲು ನಾನು ಕೈಬರಹ ಓದುವ ಒಂದು ತಂತ್ರಾಂಶಕ್ಕೆ ಆ ಹಾಳೆಗಳನ್ನು ಕೊಟ್ಟು ನೋಡಿದೆ. ಅದು ಆ ಊರಿನ ಹೆಸರನ್ನು ‘ಟೊರಾಂಟೊ’ ಎಂದು ಕೊಟ್ಟಿತು. ತಪ್ಪಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಸಂದೇಹದ ಗುರುತು ಒಂದೂ ಇಲ್ಲದೆ, ಗೊತ್ತಿದ್ದ ಪದ ಗೊತ್ತಿಲ್ಲದ ಪದ ಎರಡನ್ನೂ ಅದು ಒಂದೇ ಧೈರ್ಯದಿಂದ ಅಚ್ಚು ಮಾಡಿದ ರೀತಿ.

ಈ ಹಿರಿಯರು ಕೆಲಸ ಶುರು ಮಾಡಿದ್ದೇ ಬೇರೆ ಕಡೆಯಿಂದ. ಕಷ್ಟದ ಸಾಲನ್ನು ಅವರು ಮೊದಲು ಮುಟ್ಟಲೇ ಇಲ್ಲ. ತಾತನ ಹೆಸರು, ಅವರ ತಂದೆಯ ಹೆಸರು, ಊರು, ಜಿಲ್ಲೆ, ಹೀಗೆ ನಮಗೆ ಖಚಿತವಾಗಿ ಗೊತ್ತಿರುವ ಪದಗಳನ್ನು ಹುಡುಕಿ, ಅವುಗಳಲ್ಲಿ ಆ ಕಾಲದ ಗುಮಾಸ್ತ ಒಂದೊಂದು ಇಂಗ್ಲಿಷ್ ಅಕ್ಷರವನ್ನು ಹೇಗೆ ಬರೆಯುತ್ತಿದ್ದ ಎಂಬ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಮಾಡಿಕೊಂಡರು. ‘ಕೋಲಾರ್’ ಎಂಬ ಪದದ ಕೊನೆಯ ‘ಆರ್’ ಅಕ್ಷರ ನೋಡುವುದಕ್ಕೆ ಥೇಟ್ ‘ಎನ್’ ಆಗಿತ್ತು. ‘ಟಿ’ ಅಕ್ಷರದ ಅಡ್ಡಗೆರೆಯನ್ನು ಆತ ಪದದ ನಡುವೆ ಬಂದಾಗ ಹಾಕುತ್ತಲೇ ಇರಲಿಲ್ಲ. ಈ ಎರಡು ಅಭ್ಯಾಸಗಳನ್ನು ತಿಳಿದುಕೊಂಡು ಭೂತಗನ್ನಡಿಯ ಕೆಳಗೆ ಆ ಸಾಲನ್ನು ಮತ್ತೆ ನೋಡಿದಾಗ ತಂಜೋರ್ ಉಳಿಯಲಿಲ್ಲ. ಅಲ್ಲಿದ್ದದ್ದು ಟರಾಂಟೊ, ದಕ್ಷಿಣ ಇಟಲಿಯ ಬಂದರು.

ಡಿಸ್ಮಿಸ್ಡ್ ಎಂದು ಓದಿದ್ದ ಕಡೆ ಇದ್ದದ್ದು ‘ಡಿಸ್’ ಎಂದಷ್ಟೇ. ಈ ಸಂಕ್ಷೇಪಕ್ಕೆ ಇಂತಹ ದಾಖಲೆಗಳಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ: ಆಸ್ಪತ್ರೆಯಿಂದ ಬಿಡುಗಡೆ, ಸೇನೆಯಿಂದ ಬಿಡುಗಡೆ, ಹಡಗಿನಿಂದ ಇಳಿದದ್ದು. ಯಾವುದೆಂದು ತಿಳಿಯಬೇಕಾದರೆ ಅಕ್ಕಪಕ್ಕದ ಸಾಲುಗಳನ್ನು ನೋಡಬೇಕು. ಅದರ ಮೇಲಿನ ಸಾಲಿನಲ್ಲಿಯೇ ಹಡಗು ಹತ್ತಿದ್ದನ್ನು ಸೂಚಿಸುವ ‘ಎಂಬ್’ ಇತ್ತು. 4ನೇ ಭಾರತೀಯ ಡಿವಿಷನ್ ಇಟಲಿಗೆ ಬಂದಿಳಿದದ್ದು 1943ರ ಡಿಸೆಂಬರ್‌ನಲ್ಲಿಯೇ, ಮದ್ರಾಸ್ ಸ್ಯಾಪರ್‌ಗಳ ಕಂಪನಿಗಳೂ ಅದರಲ್ಲಿದ್ದವು. ಅಷ್ಟಕ್ಕೂ ಅವರು ಸಮಾಧಾನಪಡದೆ, ತಾತನ ಪದಕಗಳೇನಾದರೂ ಇವೆಯೇ ಎಂದು ಕೇಳಿದರು. ಪದಕ ಕಳೆದುಹೋಗಿದೆ, ಆದರೆ ತಾಯಿಯ ಬಳಿ ಬೆರಳುದ್ದದ ರಿಬ್ಬನ್ ತುಂಡೊಂದಿತ್ತು: ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು. ಅದು ಎರಡನೇ ಮಹಾಯುದ್ಧದಲ್ಲಿ ಇಟಲಿಯ ಕಡೆ ಸೇವೆ ಮಾಡಿದವರಿಗೆ ಕೊಟ್ಟ ಇಟಲಿ ಸ್ಟಾರ್ ಪದಕದ ರಿಬ್ಬನ್. ಕೊನೆಯ ಹಾಳೆಯಲ್ಲಿ ನಾವು ‘1 ಸ್ಟಾರ್’ ಎಂದು ಓದಿದ್ದರಲ್ಲಿಯೂ ಒಂದು ಎಂದುಕೊಂಡದ್ದು ಇಂಗ್ಲಿಷಿನ ‘ಐ’ ಅಕ್ಷರವಾಗಿತ್ತು, ಅಂದರೆ ಇಟಲಿ.

“ಅಮ್ಮಾ, ನಿಮ್ಮ ತಂದೆಯವರನ್ನು ಯಾರೂ ಕೆಲಸದಿಂದ ತೆಗೆದಿಲ್ಲ. ಅವರು ಅಲ್ಲಿ ಹಡಗಿನಿಂದ ಇಳಿದರು, ಅಷ್ಟೇ,” ಎಂದು ಅವರು ಹೇಳಿದಾಗ ನನ್ನ ತಾಯಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.

ಇನ್ನೊಂದು ಉದಾಹರಣೆ ಹೇಳಲೇಬೇಕು. 1944ರ ಒಂದು ನಮೂದಿನಲ್ಲಿದ್ದ ‘ಎಂ.ಟಿ.’ ಎಂಬುದನ್ನು ನಾವು ಮೋಟಾರ್ ಟ್ರಾನ್ಸ್‌ಪೋರ್ಟ್ ಎಂದುಕೊಂಡು, ತಾತ ಲಾರಿ ಓಡಿಸುತ್ತಿದ್ದರೆಂದು ನಂಬಿದ್ದೆವು. ಆ ಸಾಲು ಆಸ್ಪತ್ರೆಗೆ ಸೇರಿಸಿದ ವಿವರಗಳ ನಡುವೆ ಇರುವುದನ್ನು ಅವರು ತೋರಿಸಿದರು. ಅಲ್ಲಿ ಎಂ.ಟಿ. ಎಂದರೆ ಮ್ಯಾಲಿಗ್ನಂಟ್ ಟರ್ಷಿಯನ್, ಮಲೇರಿಯಾದ ಅಪಾಯಕಾರಿ ಬಗೆ. ಅದರ ಸೌಮ್ಯ ರೂಪಕ್ಕೆ ಬಿ.ಟಿ. ಎಂದೂ, ರೋಗ ಇನ್ನೂ ಗೊತ್ತಾಗದಿದ್ದರೆ ಎನ್.ವೈ.ಡಿ. ಎಂದೂ ಬರೆಯುತ್ತಿದ್ದರಂತೆ. ಒಂದೇ ಸಂಕ್ಷೇಪ ಯಾವ ಅಂಕಣದಲ್ಲಿದೆ ಎಂಬುದರ ಮೇಲೆ ಚಾಲಕನೂ ಆಗುತ್ತದೆ, ಜ್ವರವೂ ಆಗುತ್ತದೆ. ಈ ತಿಳಿವಳಿಕೆ ಅಕ್ಷರ ಓದಲು ಬಂದ ಮಾತ್ರಕ್ಕೆ ಸಿಗುವುದಿಲ್ಲ.

ಅವರು ಕೊಟ್ಟ ಪ್ರತಿಯಲ್ಲಿ ಖಚಿತವಾದ ಪದಗಳು ಹಾಗೆಯೇ ಇವೆ, ಊಹೆಯ ಪದಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ, ಓದಲಾಗದ ಕಡೆ ಖಾಲಿ ಬಿಟ್ಟಿದ್ದಾರೆ. ನಾನು ಈ ಸೇವೆಯನ್ನು ಮೆಚ್ಚಿದ್ದು ಮುಖ್ಯವಾಗಿ ಇದಕ್ಕಾಗಿ.

ಕೊರತೆಗಳೂ ಇವೆ. ಎರಡು ವಾರ ಎಂದಿದ್ದ ಕೆಲಸಕ್ಕೆ ಏಳು ವಾರ ಹಿಡಿಯಿತು, ನಡುವೆ ನಾವಾಗಿ ಫೋನ್ ಮಾಡದೆ ಸುದ್ದಿ ಬರಲಿಲ್ಲ. ಬರೆದುಕೊಟ್ಟ ಪ್ರತಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸುವವರು ಅದನ್ನೇ ಎರಡು ಪುಟ ಬರೆದುಕೊಟ್ಟಿದ್ದರೆ ನನ್ನ ತಾಯಿ ತಾವೇ ಓದಿಕೊಳ್ಳುತ್ತಿದ್ದರು. ಹಾಳೆಯೊಂದಕ್ಕೆ ಮುನ್ನೂರು ರೂಪಾಯಿ ಎಂಬುದು ಅಷ್ಟು ಶ್ರಮಕ್ಕೆ ಹೆಚ್ಚೇನಲ್ಲ.

ಕೊಡುವವರು ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ನಾವು ಒಂದಕ್ಕೆ ಮಾಡಿಸಿದ್ದೆವು, ಅದರ ಹೊಳಪಿನಿಂದ ಅವರಿಗೆ ಬಹಳ ತೊಂದರೆಯಾಯಿತು. ಆ ಕಾಲದ ಗುಮಾಸ್ತರು ಬಳಸುತ್ತಿದ್ದ ಇಂಡೆಲಿಬಲ್ ಪೆನ್ಸಿಲ್‌ನ ಬರಹ ತೇವ ತಾಗಿದರೆ ನೇರಳೆ ಬಣ್ಣಕ್ಕೆ ತಿರುಗಿ ಹರಡುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ ಚಿತ್ರದಲ್ಲಿ ಸಣ್ಣ ಗೆರೆಗಳು ಅಳಿಸಿಹೋಗುವುದರಿಂದ ಬಣ್ಣದ ಸ್ಕ್ಯಾನ್ ಮಾಡಿಸಿ ಇ-ಮೇಲ್‌ನಲ್ಲಿ ಕಳುಹಿಸಿ. ಸಾಧ್ಯವಾದರೆ ಮೂಲವನ್ನೇ ಕೈಯಲ್ಲಿ ಹಿಡಿದು ಹೋಗಿ.

ಒಂಬತ್ತನೆಯ ಹಾಳೆಯ ನೇರಳೆ ಕಲೆಯ ಅಡಿಯಲ್ಲಿ ಒಂದು ಊರಿನ ಹೆಸರು ಇನ್ನೂ ಓದಲಾಗದೆ ಉಳಿದಿದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೆ ಪಕ್ಕದಿಂದ ಹಿಡಿದರೆ ಪೆನ್ಸಿಲ್ ಒತ್ತಿದ ಗುಳಿಗಳ ನೆರಳು ಕಾಣಿಸಬಹುದು, ಹಾಗೆ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು ಕಳುಹಿಸಿ ಎಂದಿದ್ದಾರೆ. ಅದಕ್ಕೆ ಬೇರೆ ಹಣ ಕೇಳಿಲ್ಲ.