ಕಾಂಜಿ ಚಿತ್ರದ ಕಾರ್ಡ್ ಸೆಟ್: ಅರ್ಥ ಬರುತ್ತೆ, ಓದೋಕೆ ಬರಲ್ಲ

ಜಪಾನಿ ಭಾಷೆ ಕಲಿಯೋಕೆ ಹೊರಟು, ಬರೀ ಸದ್ದು ತೋರಿಸೋ ಹಿರಗಾನ, ಕತಾಕನ ಅಕ್ಷರಮಾಲೆ ಹೇಗೋ ಮುಗಿಸಿ, ಅರ್ಥ ಹೊತ್ತಿರೋ ಚೀನಿ ಮೂಲದ ಅಕ್ಷರಗಳು ಅಂದ್ರೆ ಕಾಂಜಿ ಕಡೆ ತಿರುಗಿದಾಗ ನಿಜವಾಗ್ಲೂ ಕೈಕಾಲೇ ಆಡ್ಲಿಲ್ಲ, ದಿನಬಳಕೆಗೆ ಅಂತ ಜಪಾನ್ ಸರ್ಕಾರದ ಪಟ್ಟಿಲಿರೋದೇ 2136. ಅದಕ್ಕೇ ಈ ಚಿತ್ರದ ಕಾರ್ಡ್ ಸೆಟ್ ತಗೊಂಡಿದ್ದು. ಇದ್ರಲ್ಲಿ ಬರೀ 80 ಇದೆ, ಅಲ್ಲಿ ಒಂದನೇ ಕ್ಲಾಸ್ ಮಕ್ಕಳು ಕಲಿಯೋ ಅದೇ 80. ಎರಡು ತಿಂಗ್ಳು ಬಳಸಿದ್ಮೇಲೆ ಬರೀತಿದೀನಿ.

ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ. ಮರದ ಕಾಂಜಿ 'ಕಿ' ಇದ್ಯಲ್ಲ, ಅದರ ನಾಲ್ಕು ಗೆರೆ ಮೇಲೇನೇ ಕಾಂಡ, ಕೊಂಬೆ ಬರೆದಿದಾರೆ, ಒಂದ್ಸಲ ನೋಡಿದ್ರೆ ಮುಗೀತು. ಎರಡು ಮರ ಪಕ್ಕಪಕ್ಕ ನಿಂತ್ರೆ ತೋಪು, 'ಹಯಾಶಿ'. ಮೂರಾದ್ರೆ ಕಾಡು, 'ಮೊರಿ'. ಮರಕ್ಕೆ ಒಬ್ಬ ಮನುಷ್ಯ ಒರಗಿಕೊಂಡ್ರೆ 'ಯಾಸುಮು', ಅಂದ್ರೆ ಸುಧಾರಿಸ್ಕೊಳ್ಳೋದು. ಮರದ ಬುಡಕ್ಕೆ ಒಂದು ಅಡ್ಡಗೆರೆ ಎಳೆದ್ರೆ ಮೂಲ ಅಂತ, ಪುಸ್ತಕ ಅನ್ನೋ 'ಹೋನ್' ಕೂಡ ಅದೇನೇ, ಅದರ ಮುಂದೆ ಸೂರ್ಯನ್ನ ತಂದು ನಿಲ್ಲಿಸಿದ್ರೆ 'ನಿಹೋನ್', ಜಪಾನ್! ಇದು ಹೊಳೆದ ದಿನ ಒಬ್ಬನೇ ಕೂತು ಹಲ್ಲು ಕಿರಿದಿದೀನಿ.

ಆದ್ರೆ ಎಲ್ಲಾ ಕಾಂಜಿನೂ ಮರದಷ್ಟು ಸಲೀಸಲ್ಲ. ನೀಲಿ ಅನ್ನೋ 'ಆಓ'ಗೆ ಕಟ್ಟಿರೋ ಕಥೆ ನೆನಪಿಡೋದಕ್ಕಿಂತ ಕಾಂಜಿನೇ ನೆನಪಿಡೋದು ಸುಲಭ.

ಮತ್ತೆ ಚಿತ್ರ ಹೇಳ್ಕೊಡೋದು ಅರ್ಥ ಅಷ್ಟೇ, ಸದ್ದಲ್ಲ. ಆ ಸೂರ್ಯನ್ನೇ ತಗೊಳಿ, ಭಾನುವಾರ ಅನ್ನೋ 'ನಿಚಿಯೋಬಿ'ಲಿ ಮೊದ್ಲು ಬಂದಾಗ 'ನಿಚಿ', ಕೊನೇಲಿ ಮತ್ತೆ ಬಂದಾಗ 'ಬಿ', ಒಂದೇ ಪದದಲ್ಲಿ ಒಂದೇ ಅಕ್ಷರಕ್ಕೆ ಎರಡು ಸದ್ದು ಸ್ವಾಮಿ. ಕಾರ್ಡ್ ಹಿಂದೆ ಓನ್‌ಯೋಮಿ (ಚೀನಾದಿಂದ ಬಂದ ಸದ್ದು), ಕುನ್‌ಯೋಮಿ (ಜಪಾನಿದೇ ಸದ್ದು) ಎರಡನ್ನೂ ಇರುವೆ ಸಾಲಿನ ತರ ಪ್ರಿಂಟ್ ಹಾಕಿ ಕೈ ತೊಳ್ಕೊಂಡಿದಾರೆ, ಬಳಕೆ ಪದ ಒಂದೂ ಇಲ್ಲ.

ನಂಗೆ ಸಿಟ್ಟು ಬಂದಿದ್ದು ಬಲ 'ಮಿಗಿ', ಕಲ್ಲು 'ಇಶಿ' ಈ ಎರಡರಲ್ಲಿ. ಒಂದಕ್ಕೆ ಬಾಯಿಗೆ ತುತ್ತಿಡೋ ಕೈ, ಇನ್ನೊಂದಕ್ಕೆ ಬಂಡೆ ಕೆಳಗೆ ಬಿದ್ದಿರೋ ಕಲ್ಲು, ಚಿತ್ರ ಏನೋ ಚೆಂದ, ಆದ್ರೆ ಚಿತ್ರ ತೆಗೆದ್ರೆ ಅಕ್ಷರದಲ್ಲಿ ವ್ಯತ್ಯಾಸ ಇಷ್ಟೇ, ಓರೆ ಗೆರೆ ಅಡ್ಡಗೆರೆ ಮೇಲೆ ತಲೆ ಹಾಕಿದ್ರೆ ಬಲ, ಅಡ್ಡಗೆರೆ ಕೆಳಗಿಂದ ಹೊರಟ್ರೆ ಕಲ್ಲು. ಆ ಚೂರು ತುದಿನೇ ಬಣ್ಣದಲ್ಲಿ ಮುಚ್ಚೋಗಿದೆ! ಒಂದು ವಾರ ಬಲ ಬಂದಲ್ಲೆಲ್ಲಾ ಕಲ್ಲು ಅಂತ ಓದ್ಕೊಂಡಿದ್ದೆ.

ಬರೆಯೋ ಕ್ರಮನೂ ಕೊಟ್ಟಿಲ್ಲ. ಬಾಯಿ 'ಕುಚಿ' ಚೌಕದ ತರ ಇದ್ಯಲ್ಲ ಅಂತ ಒಂದೇ ಏಟಿಗೆ ಸುತ್ತಿಬಿಡ್ತಿದ್ದೆ, ಅದು ಮೂರು ಗೆರೆ ಅಂತೆ, ಎಡಗಡೆ ಇಳಿಯೋದೊಂದು, ಮೇಲಿಂದ ಬಲಕ್ಕೆ ಹೋಗಿ ಹಾಗೇ ಕೆಳಗಿಳಿಯೋದೊಂದು, ಕೊನೆಗೆ ತಳ ಮುಚ್ಚೋದು. ಕೈಗೆ ಅಂಟಿರೋ ಚಾಳಿ ಇನ್ನೂ ಬಿಟ್ಟಿಲ್ಲ.

ಐದಕ್ಕೆ ಮೂರು ಸ್ಟಾರ್. ತಗೊಂಡ್ರೆ ಪ್ರತಿ ಕಾರ್ಡ್ ಹಿಂದೆ ಒಂದೆರಡು ಪದ ನೀವೇ ಪೆನ್ಸಿಲಲ್ಲಿ ಬರ್ಕೊಳಿ, ಮತ್ತೆ ಚಿತ್ರ ಇಲ್ದಿರೋ ಬರೀ ಅಕ್ಷರ ಬೇರೆ ಹಾಳೆಲಿ ಬರೆದಿಟ್ಟು ಓದೋಕಾಗುತ್ತಾ ನೋಡಿ, ನಾನು ಹಾಗೆ ನೋಡಿದಾಗ 80ರಲ್ಲಿ 31 ಹೋಗಿತ್ತು.