ಏಳೂವರೆಗೆ ಬರುವ ಪಿಗ್ಮಿ ಅಂಕಲ್: ಮೂರು ವರ್ಷ ಕಟ್ಟಿದ ಮೇಲೆ ನನ್ನ ರಿವ್ಯೂ

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅಂಗಡಿ ಅಂದರೆ ಮನೆಯ ಮುಂದಿನ ರೂಮು, ಎರಡು ಮಿಷನ್ನು, ಒಂದು ಕನ್ನಡಿ, ಅಷ್ಟೇ. ಮೂರು ವರ್ಷದಿಂದ ನಮ್ಮ ಏರಿಯಾದ ಒಂದು ಸಹಕಾರಿ ಬ್ಯಾಂಕಿನಲ್ಲಿ ಪಿಗ್ಮಿ ಕಟ್ಟುತ್ತಿದ್ದೇನೆ. ಪಿಗ್ಮಿ ಅಂದರೆ ಬ್ಯಾಂಕಿನ ಏಜೆಂಟ್ ದಿನಾ ಅಂಗಡಿಗೇ ಬಂದು ತೆಗೆದುಕೊಂಡು ಹೋಗುವ ಸಣ್ಣ ಉಳಿತಾಯ. ನಮ್ಮ ಏಜೆಂಟನ್ನು ನಾನು ಅಂಕಲ್ ಅನ್ನುತ್ತೇನೆ. ಮಿಕ್ಸಿ, ಮೊಬೈಲು, ಬಿರಿಯಾನಿ ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ಪಿಗ್ಮಿಗೆ ಬರೆದದ್ದನ್ನು ನಾನಂತೂ ನೋಡಿಲ್ಲ. ಬ್ಯಾಂಕಿನ ಹೆಸರು ಹಾಕುವುದಿಲ್ಲ, ಯಾಕಂದರೆ ಬೈಯುವುದೂ ಇದೆ.

ನಮ್ಮ ಕಸುಬಿನಲ್ಲಿ ದುಡ್ಡು ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಆಷಾಢದಲ್ಲಿ ನೊಣ ಹೊಡೆಯುತ್ತಾ ಕೂರಬೇಕು. ಮದುವೆ ಇಲ್ಲ, ಬ್ಲೌಸೂ ಇಲ್ಲ. ಶ್ರಾವಣ ಬಂತು ಅಂದರೆ ವರಮಹಾಲಕ್ಷ್ಮಿ ಹಬ್ಬದವರೆಗೆ ಊಟಕ್ಕೂ ಪುರುಸೊತ್ತಿಲ್ಲ. ಹಿಂದೆ ಬೇರೆ ಕಡೆ ತಿಂಗಳಿಗೆ 1,500ರ ಆರ್‌ಡಿ ಮಾಡಿದ್ದೆ. ಎರಡು ವರ್ಷವೂ ಆಷಾಢದಲ್ಲೇ ಕಂತು ತಪ್ಪಿತು, ದಂಡ ಬಿತ್ತು. ಪಿಗ್ಮಿಯಲ್ಲಿ ಇವತ್ತು 300 ಕೊಟ್ಟರೂ ಆಯ್ತು, ನಾಳೆ 50 ಕೊಟ್ಟರೂ ಆಯ್ತು. ನಾಳಿದ್ದು "ಅಂಕಲ್, ಇವತ್ತು ಬೋಣಿನೇ ಆಗಿಲ್ಲ" ಅಂದರೆ ಅವರು ನಕ್ಕು ಮುಂದಿನ ಅಂಗಡಿಗೆ ಹೋಗುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅವರು ಬರುವ ಟೈಮು. ಸಂಜೆ ಏಳೂವರೆ. ಆ ಹೊತ್ತಿಗೆ ಗಾರ್ಮೆಂಟ್ಸ್ ಬಿಟ್ಟು ಬಂದವರು ಬಟ್ಟೆ ತೆಗೆದುಕೊಂಡು ಹೋಗಿರುತ್ತಾರೆ, ಡ್ರಾಯರ್‌ನಲ್ಲಿ ದುಡ್ಡು ಇರುತ್ತದೆ. ಎಂಟಕ್ಕೆ ಮಗ ಟ್ಯೂಷನ್‌ನಿಂದ ಬಂದು ಗೋಬಿ ಮಂಚೂರಿ ಅನ್ನುತ್ತಾನೆ. ಎಂಟೂವರೆಗೆ ಮನೆಯವರು ಬರುತ್ತಾರೆ, ಅವರದ್ದೂ ಏನಾದರೊಂದು ಖರ್ಚು ಇದ್ದೇ ಇರುತ್ತದೆ. ನಡುವಿನ ಅರ್ಧ ಗಂಟೆಯಲ್ಲಿ ಕೊಟ್ಟರೆ ಕೊಟ್ಟ ಹಾಗೆ. ನಾನೇ ಬ್ಯಾಂಕಿಗೆ ಹೋಗಿ ಕಟ್ಟಬೇಕು ಅಂದರೆ ಅರ್ಧ ದಿನ ಅಂಗಡಿ ಬಾಗಿಲು ಹಾಕಬೇಕು, ಯಾರು ಹೋಗ್ತಾರೆ?

ಹೋದ ವರ್ಷ ಡಿಸೈನ್ ಓದುವ ಮೂರು ಜನ ಮಕ್ಕಳು ಅಂಗಡಿಗೆ ಬಂದಿದ್ದರು. ನಮ್ಮಂಥ ಹೆಂಗಸರಿಗೆ ಉಳಿತಾಯದ ಆ್ಯಪ್ ಮಾಡಬೇಕಂತೆ. ನಾನು ಮತ್ತೊಂದು ಸರ್ವೆ ಅಂದುಕೊಂಡೆ. ಅವರ ಕೈಯಲ್ಲಿ ಫಾರಂ ಇರಲಿಲ್ಲ. "ಅಕ್ಕಾ, ದುಡ್ಡು ಎಲ್ಲೆಲ್ಲಿ ಇಡ್ತೀರ, ತೋರಿಸಿ" ಅಂದರು. ತೋರಿಸಿದೆ. ಬಾಡಿಗೆದು ಸಾಸಿವೆ ಡಬ್ಬಿಯಲ್ಲಿ. ದಾರ, ಹುಕ್ಕಿಗೆ ಬೇಕಾದದ್ದು ಬಾಬಿನ್ ಬಾಕ್ಸ್‌ನಲ್ಲಿ. ಚೀಟಿ ದುಡ್ಡು ದೇವರ ಫೋಟೋ ಹಿಂದೆ. ಎರಡು ಗಂಟೆ ಕೂತು ಬರುವ ಗಿರಾಕಿ, ಕೊಡುವ ಸಾಲ ಎಲ್ಲ ನೋಡಿದರು. ಇದಕ್ಕೆ ಹ್ಯೂಮನ್ ಸೆಂಟರ್ಡ್ ಡಿಸೈನ್ ಅನ್ನುತ್ತಾರಂತೆ. ಜನ ಹೇಗೆ ಬದುಕುತ್ತಾರೆ ಅಂತ ಮೊದಲು ನೋಡುವುದು, ಆಮೇಲೆ ವಸ್ತು ಮಾಡುವುದು, ಅವರ ಕೈಗೇ ಕೊಟ್ಟು ನೋಡಿ ಮತ್ತೆ ತಿದ್ದುವುದು. ಅಳತೆ ತಗೊಂಡು, ಕಚ್ಚಾ ಹೊಲಿಗೆ ಹಾಕಿ, ಟ್ರಯಲ್ ನೋಡೋದು ಅಂತ ನಾವು ಅನ್ನುವುದು ಇದನ್ನೇ ಅಲ್ವಾ?

ಅವರಿಗೆ ಪಿಗ್ಮಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ನಮ್ಮತ್ತೆ ಉಡುಪಿ ಕಡೆಯವರು, ಅವರಿಂದ ಕೇಳಿದ್ದನ್ನೇ ಹೇಳಿದೆ. ಅಲ್ಲಿ 1925ರಲ್ಲಿ ಟಿ.ಎಂ.ಎ. ಪೈ ಅವರೆಲ್ಲ ಸೇರಿ ಶುರು ಮಾಡಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಜನ ಬ್ಯಾಂಕಿಗೆ ಬರಲ್ಲ ಅಂತ ಗೊತ್ತಾದ ಮೇಲೆ ಬ್ಯಾಂಕೇ ಎದ್ದು ಹೊರಟಿತು. 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಮಾತ್ರ ಊರೂರಿನ ಸೊಸೈಟಿ ಬೋರ್ಡುಗಳ ಮೇಲೆ ಇನ್ನೂ ಇದೆ.

ಈಗ ಬೈಗುಳ.

ಮೊದಲನೆಯದು ಆ ಸಣ್ಣ ಮಿಷನ್ನಿನ ಚೀಟಿ. ಅಂಕಲ್ ಕಂಕುಳ ಚೀಲದಿಂದ ಮಿಷನ್ ತೆಗೆದು ಒತ್ತಿದರೆ ಕಿರ್ರ್ ಅಂತ ಬೆರಳಗಲದ ಚೀಟಿ ಬರುತ್ತದೆ. ಎಲ್ಲವನ್ನೂ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದೆ. ಎಂಟು ತಿಂಗಳಾದ ಮೇಲೆ ಒಂದು ದಿನ ಲೆಕ್ಕ ನೋಡೋಣ ಅಂತ ನೆಲದ ಮೇಲೆ ಸುರುವಿದರೆ ಅರ್ಧಕ್ಕರ್ಧ ಬಿಳಿ ಹಾಳೆ! ಅಕ್ಷರವೆಲ್ಲ ಮಾಸಿಹೋಗಿದೆ. ಎದೆ ಧಸಕ್ ಅಂದಿತು. ಬ್ಯಾಂಕಿಗೆ ಹೋಗಿ ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು, ಅದು ಬೇರೆ ಮಾತು. ಅವತ್ತಿನಿಂದ ಅಳತೆ ಬರೆಯುವ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ತಾರೀಖು, ಮೊತ್ತ ಬರೆದು ಅಂಕಲ್ ಕೈಲಿ ಪೆನ್ನಲ್ಲಿ ಸೈನ್ ಹಾಕಿಸುತ್ತೇನೆ. ಹಳೇ ಕಾಲದ ಕಾರ್ಡನ್ನೇ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು?

ಎರಡನೆಯದು ಎಸ್ಸೆಮ್ಮೆಸ್ಸು. ಖಾತೆ ತೆಗೆಯುವಾಗ ಫೋನ್ ನಂಬರ್ ಕೇಳಿದರು. ಆಗ ನನ್ನ ಫೋನ್ ರಿಪೇರಿಗೆ ಕೊಟ್ಟಿದ್ದೆ, ಸುಮ್ನೆ ಮನೆಯವರ ನಂಬರ್ ಕೊಟ್ಟೆ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಬ್ಯಾಂಕಿನವರು ಹೊಸ ಸೌಲಭ್ಯ ಅಂತ ದಿನಾ ಮೆಸೇಜ್ ಕಳಿಸಲು ಶುರು ಮಾಡಿದರು. ಇವತ್ತು ಕಟ್ಟಿದ್ದು ಎಷ್ಟು, ಒಟ್ಟು ಎಷ್ಟು. ಮನೆಯವರ ಜೇಬಿನಲ್ಲಿ ಟಿಣ್ ಅಂದಿತು. ವಾರದೊಳಗೆ ಬೈಕಿಗೆ ಟೈರು, ಫ್ರೆಂಡಿಗೆ ಕೈಸಾಲ ಎಲ್ಲ ನೆನಪಾಯಿತು. ನಮ್ಮವರು ಕೆಟ್ಟವರಲ್ಲ. ಆದರೆ ಕಣ್ಣಿಗೆ ಕಂಡ ದುಡ್ಡು ಖರ್ಚಾಗದೆ ಇರುತ್ತಾ? ನಂಬರ್ ಬದಲಾಯಿಸಲು ಅರ್ಜಿ, ಆಧಾರ್ ಜೆರಾಕ್ಸ್, ಎರಡು ಸಲ ಓಡಾಟ. "ಈ ಮೆಸೇಜು ಯಾರ ಕೈಗೆ ಹೋಗುತ್ತೆ ಅಮ್ಮ" ಅಂತ ಮೊದಲ ದಿನವೇ ಕೌಂಟರಿನಲ್ಲಿ ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಇರಲಿಲ್ಲ. ಆ ಡಿಸೈನ್ ಮಕ್ಕಳು ಇದನ್ನು ಮಾತ್ರ ಎರಡೆರಡು ಸಲ ಕೇಳಿ ಬರೆದುಕೊಂಡರು.

ಅಳತೆ ತಗೊಳ್ಳದೆ ಹೊಲಿದದ್ದು ಇದೊಂದೇ ಅಲ್ಲ. ಪಕ್ಕದ ಬೀದಿಯ ಅಕ್ಕ ಮೂರು ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಗೃಹಲಕ್ಷ್ಮಿಯ 2,000 ತೆಗೆಯಲು ಹೆಬ್ಬೆಟ್ಟಿನ ಮಿಷನ್ ಇರುವ ಅಂಗಡಿಗೆ ಹೋದರೆ, ಸೋಪಿನಲ್ಲಿ ಸವೆದ ಬೆರಳನ್ನು ಅದು ಗುರುತೇ ಹಿಡಿಯುವುದಿಲ್ಲ. ಸೆರಗಿನಲ್ಲಿ ಒರೆಸಿ ಒತ್ತುತ್ತಾರೆ, ಮತ್ತೆ ಒರೆಸಿ ಒತ್ತುತ್ತಾರೆ. ಅದಕ್ಕೆ ಅವರೂ ಈಗ ಪಿಗ್ಮಿ ಶುರು ಮಾಡಿದ್ದಾರೆ, ದಿನಕ್ಕೆ 30.

ಬಡ್ಡಿ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ನನಗೆ ಸಿಗುವುದು 3 ಪರ್ಸೆಂಟ್. ಪೋಸ್ಟ್ ಆಫೀಸ್ ಆರ್‌ಡಿಗೆ 2024ರಲ್ಲಿ 6.7 ಇತ್ತು. ಮೊದಲ ಆರು ತಿಂಗಳಲ್ಲಿ ತೆಗೆದರೆ ನಮ್ಮ ಬ್ಯಾಂಕು ಕಮಿಷನ್ ಅಂತ ಹಿಡಿದುಕೊಳ್ಳುತ್ತದೆ. ನಾನು ಮಾಡುವುದು ಇಷ್ಟೇ, ವರ್ಷಕ್ಕೊಮ್ಮೆ ಪಿಗ್ಮಿ ಮುರಿದು ಸ್ಕೂಲ್ ಫೀಸ್ ಕಟ್ಟಿ, ಮಿಕ್ಕಿದ್ದನ್ನು ಪೋಸ್ಟ್ ಆಫೀಸಿಗೆ ಹಾಕುತ್ತೇನೆ. ಮೂರನೇ ವರ್ಷ 27,450 ಸೇರಿತ್ತು.

ಸೇರುವ ಮುಂಚೆ ಅದು ಬ್ಯಾಂಕೋ ಬರೀ ಸೊಸೈಟಿಯೋ ಕೇಳಿ. ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ. ಕ್ರೆಡಿಟ್ ಸೊಸೈಟಿಗಳಿಗೆ ಅದು ಇಲ್ಲ. ಬೋರ್ಡು ಎರಡಕ್ಕೂ ಒಂದೇ ಥರ ಇರುತ್ತದೆ, ಮೋಸ ಹೋಗಬೇಡಿ.

ಈಗೀಗ ಗಿರಾಕಿಗಳೆಲ್ಲ ಸ್ಕ್ಯಾನ್ ಮಾಡುವವರೇ, ಡ್ರಾಯರ್‌ನಲ್ಲಿ ನೋಟು ಕಡಿಮೆ. ಒಂದು ದಿನ ಅಂಕಲ್ "ನನ್ನ ನಂಬರಿಗೇ ಹಾಕಿಬಿಡಮ್ಮ, ನಾನು ಕಟ್ಟುತ್ತೇನೆ" ಅಂದರು. ಮೂರು ವರ್ಷದ ಪರಿಚಯ, ಆದರೂ ಬೇಡ ಅಂದೆ. ಬ್ಯಾಂಕಿನದೇ ಕ್ಯೂಆರ್ ತನ್ನಿ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಕ್ಯೂಆರ್ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಮಂಗಳವಾರ ಎಟಿಎಂನಿಂದ ವಾರಕ್ಕಾಗುವಷ್ಟು ತಂದು, ನೂರರ ನೋಟಾಗಿ ಮಾಡಿ, ಬಾಬಿನ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳುತ್ತಿದ್ದೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಚೀಟಿಗೂ ಮೆಸೇಜಿಗೂ ಸೇರಿ. ಅಂಕಲ್ ಭಾನುವಾರ ಬರುವುದಿಲ್ಲ. ಆ ದಿನದ ದುಡ್ಡಿನಲ್ಲೇ ಗೋಬಿ ಮಂಚೂರಿ ಆಗುತ್ತದೆ.